ಕಣ್ಣಿಗೆ ಮೆಚ್ಚಾದ ತಿನಿಸು
(ಬಾನುಲಿ ಭಾಷಣ)

ಶ್ರೀರಂಗಪಟ್ಟಣಕ್ಕೆ ಸಮೀಪದ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಸುತ್ತಲಿನ ರೈತರ ಬೆಲ್ಲವನ್ನು ಕೊಂಡು, ಶುದ್ಧಿಗೊಳಿಸಿ, ಸಕ್ಕರೆ ಮಾಡುವುದು ಅದರ ಕಾಯಕ. ಕಂದು ಬಣ್ಣದ ಬೆಲ್ಲ ಬಿಳುಪಾದೊಡನೆ ಅದರ ಬೆಲೆ ಏರುತ್ತಿತ್ತು. ನಾಲಗೆಗಿಂತ ಮೊದಲು ಕಣ್ಣು ರುಚಿ ನೋಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಇಂದಿನ ಬೇಕರಿಯ ಗಾಜಿನ ಕಪಾಟಿನ ಮುಂದೆ ನಿಂತಾಗಲೂ ನನಗೆ ಈ ಮಾತೇ ನೆನಪಾಗುತ್ತದೆ. ಬ್ರೆಡ್ಡು ಹತ್ತಿಯಂತೆ ಮೆತ್ತಗಿರಬೇಕು, ಕೇಕು ದಾಸವಾಳದಂತೆ ಕೆಂಪಗಿರಬೇಕು ಎಂಬುದು ನಮ್ಮ ಅಪೇಕ್ಷೆ. ಅದನ್ನು ಪೂರೈಸಲು ಹಿಟ್ಟಿನೊಡನೆ ಹಲವು ರಾಸಾಯನಿಕಗಳು ಸೇರುತ್ತವೆ.

ಇವೆಲ್ಲವನ್ನೂ ಒಂದೇ ಕೋಲಿನಿಂದ ಅಳೆಯುವುದು ನ್ಯಾಯವಲ್ಲ. ಬ್ರೆಡ್ಡಿಗೆ ಬೂಷ್ಟು ಹಿಡಿಯದಂತೆ ಸೇರಿಸುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಮಿತಿಯಲ್ಲಿದ್ದರೆ ಅಂಜಬೇಕಾದದ್ದಲ್ಲ. ಅದರ ಮೂಲವಾದ ಆಮ್ಲ ನಮ್ಮ ಕರುಳಿನಲ್ಲಿಯೇ ಸಹಜವಾಗಿ ಹುಟ್ಟುತ್ತದೆ. ಪೊಟ್ಯಾಸಿಯಂ ಬ್ರೋಮೇಟಿನ ಕಥೆ ಬೇರೆ. ಅದು ನಾದಿದ ಹಿಟ್ಟಿನ ಜಿಗುಟನ್ನು ಬಿಗಿಗೊಳಿಸಿ ಬ್ರೆಡ್ಡು ಚೆನ್ನಾಗಿ ಉಬ್ಬುವಂತೆ ಮಾಡುತ್ತದೆ. ಹದವಾಗಿ ಬೆಂದರೆ ಬಹುಪಾಲು ನಿರಪಾಯಕರ ಬ್ರೋಮೈಡ್ ಆಗಿ ಮಾರ್ಪಡುತ್ತದೆ; ಅಳತೆ ಮೀರಿದರೆ, ಬೇಯುವುದು ಸಾಲದಾದರೆ, ಹಾಗೆಯೇ ಉಳಿಯುತ್ತದೆ. ಇಲಿಗಳ ಮೂತ್ರಪಿಂಡದಲ್ಲಿ ಅದು ಗಡ್ಡೆ ಬರಿಸಿದ್ದನ್ನು ಪ್ರಯೋಗಗಳು ತೋರಿಸಿವೆ. ಮನುಷ್ಯರಲ್ಲಿಯೂ ಕ್ಯಾನ್ಸರಿಗೆ ಕಾರಣವಾಗಬಹುದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1999ರಲ್ಲಿ ಅದನ್ನು ವರ್ಗೀಕರಿಸಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್ಡುಗಳನ್ನು ಪರೀಕ್ಷಿಸಿ ಎಚ್ಚರಿಸಿದ ಮೇಲೆ, 2016ರಲ್ಲಿ ನಮ್ಮ ದೇಶವೂ ಅದರ ಬಳಕೆಯನ್ನು ನಿಷೇಧಿಸಿತು.

ಬಣ್ಣಗಳ ವಿಷಯ ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ್ದು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 235 ಕೇಕಿನ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯಕರ ಪ್ರಮಾಣದಲ್ಲಿತ್ತು. ಉಳಿದ 223 ಸುರಕ್ಷಿತವಾಗಿದ್ದವೆಂಬುದನ್ನೂ ಮರೆಯಬಾರದು. ಬಣ್ಣವನ್ನು ಅಳೆದು ಹಾಕುವ ಬೇಕರಿಯವರೇ ಹೆಚ್ಚು. ಕೆಲವು ಕೃತಕ ಬಣ್ಣಗಳ ಮಿಶ್ರಣಕ್ಕೂ ಮಕ್ಕಳ ಅತಿಚಟುವಟಿಕೆಗೂ ಸಂಬಂಧವಿದೆಯೆಂದು ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ಸೂಚಿಸಿತು. ಅಂಥ ಬಣ್ಣಗಳಿರುವ ತಿನಿಸಿನ ಮೇಲೆ ಎಚ್ಚರಿಕೆಯ ಮಾತನ್ನು ಅಚ್ಚುಹಾಕಬೇಕೆಂಬ ನಿಯಮ 2010ರಿಂದ ಯೂರೋಪಿನಲ್ಲಿದೆ.

ಹಾಗಾದರೆ ನಾವೇನು ಮಾಡಬೇಕು? ಪೊಟ್ಟಣದ ಮೇಲಿನ ಸಂಖ್ಯೆಗಳನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳೋಣ. 282 ಎಂದರೆ ಆಗ ಹೇಳಿದ ಪ್ರೊಪಿಯೊನೇಟ್; 102, 122, 129 ಎಂದರೆ ಕೃತಕ ಬಣ್ಣಗಳು. ಬಿಡಿಯಾಗಿ ಮಾರುವ ಕೇಕಿಗೆ ಚೀಟಿಯಿಲ್ಲ. ಅಲ್ಲಿ ಬೇಕರಿಯವರನ್ನೇ ಕೇಳಬೇಕು. “ಬಣ್ಣ ಕಡಿಮೆ ಹಾಕಿ ಕೊಡಿ” ಎನ್ನಲು ಸಂಕೋಚವೇಕೆ? ಗಿರಾಕಿಯ ಕಣ್ಣು ಬಯಸಿದ್ದನ್ನೇ ಒಲೆ ಬೇಯಿಸುತ್ತದೆ. ಮಗುವಿನ ತಟ್ಟೆಗೆ ಬೀಳುವ ಬಣ್ಣದ ಅಳತೆ, ಅಷ್ಟರಮಟ್ಟಿಗೆ, ನಮ್ಮ ಕೈಯಲ್ಲಿಯೇ ಇದೆ.