ಮಕ್ಕಳಿಗೆ ಹೊಡೆಯುವುದನ್ನು ಕಾನೂನು ತಡೆಯಬೇಕೆ?
(ಕಟ್ಟಾಯದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



"ಮಾತು ಕೇಳದಿದ್ದರೆ ಎರಡೇಟು ಹಾಕಿ ಮೇಷ್ಟ್ರೇ" ಎಂದು ಪೋಷಕರು ನಮಗೆ ಹೇಳುವುದುಂಟು. ಹಾಕುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆದರೆ ಮಗು ಮನೆಗೆ ಹೊರಟಾಗ ಆ ಸೆಕ್ಷನ್ ಅದರ ಜೊತೆ ಹೋಗುವುದಿಲ್ಲ. ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಶಿಕ್ಷೆಯಿದೆ, ನಿಜ. ಆದರೆ ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಸದುದ್ದೇಶದಿಂದ ಮಾಡಿದೆ ಎನ್ನುವ ಪೋಷಕರಿಗೆ ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್ ಆಸರೆಯಾಗುತ್ತದೆ.

ಹಾಗಾದರೆ ಹೊಡೆದ ತಂದೆಯನ್ನು ಜೈಲಿಗೆ ಕಳಿಸಬೇಕೆ? ಕೂಲಿ ಮಾಡುವ ತಂದೆ ಜೈಲಿಗೆ ಹೋದರೆ ಉಪವಾಸ ಬೀಳುವುದು ಅದೇ ಮಗು. 1979ರಲ್ಲಿ ಎಲ್ಲರಿಗಿಂತ ಮೊದಲು ನಿಷೇಧ ತಂದ ಸ್ವೀಡನ್ ಆ ನಿಯಮಕ್ಕೆ ಪ್ರತ್ಯೇಕ ದಂಡನೆ ಸೇರಿಸಲಿಲ್ಲ. ಮನೆಮನೆಗೆ ತಿಳುವಳಿಕೆ ಪತ್ರ ಹಂಚಿತು. ಹಾಲಿನ ಪೊಟ್ಟಣದ ಮೇಲೂ ಅಚ್ಚು ಹಾಕಿಸಿತು. 2018ರಲ್ಲಿ ನೆರೆಯ ನೇಪಾಳವೂ ನಿಷೇಧಿಸಿತು. ಹೊಡೆತ ತಪ್ಪೆಂದು ಸ್ಪಷ್ಟವಾಗಿ ಹೇಳುವ, ಮನೆ ಒಡೆಯದ ಅಂಥ ಕಾನೂನು ನಮಗೂ ಬೇಕು.

ನಮಾಜ್ ತಪ್ಪಿಸಿದರೆ ಹತ್ತನೇ ವಯಸ್ಸಿಗೆ ಹೊಡೆಯಲು ಹದೀಸ್ ಇದೆಯಲ್ಲ ಎನ್ನುವವರಿದ್ದಾರೆ. ಅದೇ ಹದೀಸ್ ಏಳನೇ ವಯಸ್ಸಿನಿಂದ ಹೇಳಿಕೊಡಿ ಎನ್ನುತ್ತದೆ. ಆ ಮೂರು ವರ್ಷ ನಾವು ಮಗುವಿನ ಜೊತೆ ಎಷ್ಟು ಸಲ ಕೂತೆವು? ಹತ್ತು ವರ್ಷ ಪ್ರವಾದಿಯವರ (ಸ) ಸೇವೆ ಮಾಡಿದ ಹಜರತ್ ಅನಸ್ (ರ) ಅವರಿಂದ "ಛೆ" ಎಂಬ ಮಾತನ್ನೂ ಕೇಳಲಿಲ್ಲ.

ಕಾನೂನು ಬರುವಾಗ ಬರಲಿ. ಅಂಕಪಟ್ಟಿ ನೋಡಿ ಕೈ ಎತ್ತುವ ಮುನ್ನ "ಯಾವುದು ಅರ್ಥವಾಗಲಿಲ್ಲ ಮಗಾ?" ಎಂದು ಕೇಳಿ. ಅಲ್ಲಾಹನು ನಮಗೆಲ್ಲ ಸಬರ್ ನೀಡಲಿ. ವಸ್ಸಲಾಂ.