ಹಾಡು ಉಳದಾವ, ಹಾಡಿದವರ ಹೆಸರೂ ಉಳೀಬೇಕು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಳೆ ಹಾಡುಗಳ ಬಗ್ಗೆ ಮಾತಾಡ್ರಿ ಅಂತ ಸಂಘದವರು ಹೇಳಿದಾರ. ಯಾವ ಹಳೆ ಹಾಡು ಅಂತ ಕೇಳಿದೆ. ಒಬ್ಬ ತಮ್ಮ, "ರಾಕ್ ಬಗ್ಗೆ ಹೇಳ್ರಿ, ಮೊಬೈಲಿನಾಗ ನಾವು ಅದನ್ನೂ ಕೇಳ್ತೀವಿ" ಅಂದ. ಇನ್ನೊಬ್ಬ, "ವಾಮನದಾದಾ ಬಗ್ಗೆ ಹೇಳ್ರಿ" ಅಂದ. ಎರಡೂ ಹೇಳ್ತೀನಿ. ಎರಡೂ ದುಡಿಯೋ ಜನರ ಬಾಯಾಗ ಬೆಳೆದಾವ.

ರಾಕ್ ಅಂದ ಕೂಡಲೇ ಉದ್ದ ಕೂದಲು ಬಿಟ್ಟ ಬಿಳಿ ಹುಡುಗರು ಗಿಟಾರ್ ಹಿಡಿದು ನಿಂತದ್ದು ಕಣ್ಣಿಗೆ ಬರ್ತದ. ಆದರ ಅದರ ತಾಯಿಬೇರು ಅಮೆರಿಕಾದ ಹತ್ತಿ ಹೊಲದಾಗ ದುಡಿದ ಕರಿಯರ ಹಾಡಿನಾಗದ. ಮಡ್ಡಿ ವಾಟರ್ಸ್ ಅಂತ ಒಬ್ಬ ಹಾಡುಗಾರ. ಮಿಸಿಸಿಪ್ಪಿ ರಾಜ್ಯದಾಗ ದೊಡ್ಡ ಜಮೀನಿನಾಗ ದುಡೀತಿದ್ದ. 1941ರಲ್ಲಿ ಜಾನಪದ ಹಾಡು ಸಂಗ್ರಹಿಸೋ ಅಲನ್ ಲೋಮ್ಯಾಕ್ಸ್ ಅಲ್ಲಿಗೆ ಬಂದು ಅವನ ಹಾಡು ರೆಕಾರ್ಡ್ ಮಾಡಿಕೊಂಡ. ಎರಡು ವರ್ಷಕ್ಕ ಅವನು ಹೊಲ ಬಿಟ್ಟು ಶಿಕಾಗೋ ಶಹರ ಸೇರಿದ. ನಮ್ಮ ಜತ್ತ ತಾಲೂಕಿನವರು ಬರ ಬಿದ್ದಾಗ ಗಂಟು ಕಟ್ಟಿಕೊಂಡು ಮುಂಬೈಗೆ, ಕಬ್ಬು ಕಡಿಯಾಕ ಪಶ್ಚಿಮಕ್ಕ ಹೋದಂಗ. 1950ರಾಗ ಅವನು ಹಾಡಿದ ಒಂದು ಹಾಡಿನ ಹೆಸರನ್ನೇ 1962ರಲ್ಲಿ ಲಂಡನ್ನಿನ ಹುಡುಗರು ತಮ್ಮ ತಂಡಕ್ಕ ಇಟ್ಟುಕೊಂಡರು. ಅವರೇ ರೋಲಿಂಗ್ ಸ್ಟೋನ್ಸ್. ತಾವು ಯಾರಿಂದ ಕಲಿತೀವಿ ಅಂತ ಅವರು ಹೇಳಿದ್ರು. ಅದು ಅವರ ದೊಡ್ಡತನ.

ಎಲ್ಲರಿಗೂ ಅಷ್ಟು ನ್ಯಾಯ ಸಿಗಲಿಲ್ಲ. 'ಹೌಂಡ್ ಡಾಗ್' ಅನ್ನೋ ಹಾಡನ್ನ 1952ರಲ್ಲಿ ಮೊದಲು ರೆಕಾರ್ಡ್ ಮಾಡಿದಾಕಿ ಬಿಗ್ ಮಾಮಾ ಥಾರ್ನ್‌ಟನ್ ಅನ್ನೋ ಕರಿಯ ಹೆಣ್ಣುಮಗಳು. ನಾಲ್ಕು ವರ್ಷ ಆದಮೇಲೆ ಎಲ್ವಿಸ್ ಪ್ರೀಸ್ಲಿ ಹಾಡಿದ. ಇವತ್ತು ಆ ಹಾಡು ಅಂದ್ರ ಜಗತ್ತು ಎಲ್ವಿಸ್ ಅಂತದ. ಆಕಿ ಹೆಸರು ಹುಡುಕಬೇಕು. ಎಲ್ವಿಸ್ ಚಲೋ ಹಾಡಿಲ್ಲ ಅಂತ ನಾ ಅನ್ನೋದಿಲ್ಲ, ಬಾಳ ಚಲೋ ಹಾಡ್ಯಾನ. ಆದರ ಹಾಡು ಒಬ್ಬರದು, ಹೆಸರು ಇನ್ನೊಬ್ಬರದು ಆಗೋ ಆಟ ನಮಗ ಹೊಸದಲ್ಲ.

ಇನ್ನೊಂದು ಸಂಗತಿ ಹೇಳಿ ನಮ್ಮ ಕಡೆ ಬರ್ತೀನಿ. 1977ರಲ್ಲಿ ಅಮೆರಿಕಾದವರು ವಾಯೇಜರ್ ಅನ್ನೋ ನೌಕೆಗಳನ್ನ ಆಕಾಶಕ್ಕ ಬಿಟ್ಟರು. ಅದರಾಗ ಒಂದು ಬಂಗಾರದ ಲೇಪದ ತಟ್ಟೆ ಇಟ್ಟಾರ, ಭೂಮಿ ಮೇಲಿನ ಸಂಗೀತ ತುಂಬಿ. ಅದರಾಗ ಚಕ್ ಬೆರಿಯ ರಾಕ್ ಹಾಡು ಅದ. ಕಣ್ಣಿಲ್ಲದ ಕರಿಯ ಹಾಡುಗಾರ ವಿಲಿ ಜಾನ್ಸನ್ 1927ರಲ್ಲಿ ಗುನುಗಿದ ದನಿ ಅದ. ಅವನು ಬಡತನದಾಗೇ ಸತ್ತವ. ನಮ್ಮ ದೇಶದಿಂದ ಕೇಸರಬಾಯಿ ಕೇರಕರ ಅವರ ಭೈರವಿ ಅದ. ಈ ಮೂವರೂ ಈಗ ಸೂರ್ಯನಿಂದ ಎಷ್ಟೋ ದೂರ ಹೋಗಿ ಒಂದೇ ತಟ್ಟೆಯಾಗ ಕುಂತಾರ. ಇಲ್ಲಿ ಊಟಕ್ಕ ಒಂದೇ ಪಂಕ್ತಿಯಾಗ ಕುಂದರಾಕ ಎಷ್ಟು ಜಗಳ ಆಗ್ಯಾವ ಅಂತ ನಿಮಗ ಗೊತ್ತದ.

ಅಮೆರಿಕಾದ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ 1972ರಲ್ಲಿ ಮುಂಬೈಯಾಗ ದಲಿತ ಪ್ಯಾಂಥರ್ ಹುಟ್ಟಿತು. ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ. ಅಂದ್ರ ಅಲ್ಲಿಂದ ಇಲ್ಲಿಗೆ ದಾರಿ ಮೊದಲೇ ಬಿದ್ದದ.

ಈಗ ನಮ್ಮ ಮನಿಗೆ ಬರೋಣ. ಅಣ್ಣಾಭಾವು ಸಾಠೆ ನಮ್ಮ ಸಾಂಗ್ಲಿ ಜಿಲ್ಲೆಯವರೇ, ವಾಳವಾ ತಾಲೂಕಿನ ವಾಟೆಗಾಂವ. 1920ರ ಆಗಸ್ಟ್ 1ಕ್ಕ ಹುಟ್ಟಿದರು, 1969ರಲ್ಲಿ ತೀರಿಕೊಂಡರು. ಮಾಂಗ ಸಮಾಜದ ಕೂಸು, ಸಾಲಿ ಕಲಿತಿಲ್ಲ ಅಂದ್ರೂ ನಡೀತದ. ಮುಂಬೈಗೆ ಹೋಗಿ ಮಿಲ್ಲಿನಾಗ ದುಡಿದು, ಅಮರ ಶೇಖ, ಗವಾಣಕರ ಅವರ ಜೋಡಿ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. 'ಫಕೀರಾ' ಕಾದಂಬರಿ ಬರೆದು ಬಾಬಾಸಾಹೇಬರಿಗೆ ಅರ್ಪಿಸಿದರು. ಊರು ಬಿಟ್ಟು ದುಡಿಯಾಕ ಬಂದವ ಹೆಂಡತಿಯನ್ನ ನೆನೆಯೋ ಅವರ ಲಾವಣಿ ಇವತ್ತಿಗೂ ಜನರ ಬಾಯಾಗದ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹಾಡು ಅದು, ಬೆಳಗಾವಿ ಕಾರವಾರ ನಮಗ ಬೇಕು ಅಂತದ. ಕನ್ನಡ ಮಾತಾಡೋ ನಾವು ಜತ್ತದಾಗ ಕುಂತು ಅದನ್ನ ತಲಿ ತೂಗಿ ಹಾಡ್ತೀವಿ! ಹಾಡು ಚಲೋ ಇದ್ರ ಗಡಿ ಎಲ್ಲಿ ಅಂತ ಯಾರು ಕೇಳ್ತಾರ ಬಿಡ್ರಿ.

ವಾಮನದಾದಾ ಕರ್ಡಕ 1922ರಲ್ಲಿ ನಾಶಿಕ ಜಿಲ್ಲೆ ಸಿನ್ನರ ತಾಲೂಕಿನ ದೇಶವಂಡಿಯಾಗ ಹುಟ್ಟಿದವರು. ಅಕ್ಷರ ಕಲಿತದ್ದು ದೊಡ್ಡವರಾದ ಮೇಲೆ. ಮುಂದ ಸಾವಿರಾರು ಹಾಡು ಬರೆದರು, ಊರೂರು ತಿರುಗಿ ಹಾಡಿದರು, 2004ರಲ್ಲಿ ಹೋದರು. ಅವರ ಹಾಡು ಯಾಕ ಉಳಿದಾವ? ಜನಕ್ಕ ಗೊತ್ತಿರೋ ಧಾಟಿ ಹಿಡಿದರು, ಅದು ಸಿನಿಮಾದ್ದಿರಲಿ, ಖವ್ವಾಲಿ ಇರಲಿ. ಮುಂದಿನವ ಒಂದು ಸಾಲು ಹೇಳಿದ್ರ ಹಿಂದಿನವರು ಅದನ್ನೇ ಹಿಡೀತಾರ. ಎರಡನೇ ಸಲಕ್ಕ ಕೂಸುಗಳಿಗೂ ಬಾಯಿಪಾಠ. ಓದಾಕ ಬರದ ನಮ್ಮ ಅಜ್ಜಿಯರಿಗೆ ಮಹಾಡದ ಕೆರಿ, ಕಾಳಾರಾಮ ಮಂದಿರ, ನಾಗಪುರದ ದೀಕ್ಷೆ ಗೊತ್ತಾದದ್ದು ಇಂಥ ಹಾಡಿನಿಂದ. ಭೀಮರಾವ ಕರ್ಡಕ ಅಂತ ಇನ್ನೊಬ್ಬರು ಜಲಸಾ ನಡೆಸ್ತಿದ್ದರು. ನನ್ನ ಹತ್ತು ಸಭೆಗೆ ಅವರದೊಂದು ಜಲಸಾ ಸಮ ಅಂತ ಬಾಬಾಸಾಹೇಬರು ಹೇಳಿದ್ದರಂತ.

ಇನ್ನೊಂದು ಮಾತು. ವಾಮನದಾದಾ ಹಾಡಿನ ಕಡೀಕ ತಮ್ಮ ಹೆಸರು ಇಡ್ತಿದ್ದರು, ವಚನದಾಗ ಅಂಕಿತ ಇಟ್ಟಂಗ. ಅದಕ್ಕ ಅದು ಯಾರದು ಅಂತ ಇವತ್ತಿಗೂ ತಿಳೀತದ. ಡಿಜೆದವರು ಆ ಕಡೀ ನುಡಿಯನ್ನೇ ಕತ್ತರಿಸಿ ಹಾಕಿ ಬರೀ ಢಂ ಢಂ ಉಳಿಸಿದಾರ. ಇದು ನನ್ನ ಸಿಟ್ಟು, ಹೇಳಿಬಿಟ್ಟೆ.

ವಿಠ್ಠಲ ಉಮಪ ಅವರನ್ನೂ ನೆನೀಬೇಕು. 2010ರ ನವೆಂಬರ್ 26ಕ್ಕ ನಾಗಪುರದ ವೇದಿಕೆ ಮೇಲೇ ಕುಸಿದು ಜೀವ ಬಿಟ್ಟರು. ಪ್ರಹ್ಲಾದ ಶಿಂದೆ ಅವರ ದನಿ ಅಂತೂ ವಿಠೋಬನ ಹಾಡಿಗೂ ಬೇಕು, ಭೀಮನ ಹಾಡಿಗೂ ಬೇಕು.

ಆ ಕಡೆ ಕರ್ನಾಟಕದಾಗ ಸಿದ್ಧಲಿಂಗಯ್ಯ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಸ್ವಾತಂತ್ರ್ಯದ ಲೆಕ್ಕ ಕೇಳೋ ಅವರ ಪದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಯಾಗ ಹಲಗಿ ಜೋಡಿ ಊರೂರು ತಿರುಗಿತು. 2021ರಲ್ಲಿ ಕರೋನಾ ಅವರನ್ನ ಒಯ್ದಿತು. ನಾವು ಪುಣ್ಯವಂತರು ನೋಡ್ರಿ, ಒಂದು ಕಿವಿಯಾಗ ವಾಮನದಾದಾ, ಇನ್ನೊಂದರಾಗ ಸಿದ್ಧಲಿಂಗಯ್ಯ. ಮುಂಬೈಯವನಿಗೂ ಬೆಂಗಳೂರಿನವನಿಗೂ ಈ ಭಾಗ್ಯ ಇಲ್ಲ.

ಈಗ ಹಲಗಿ ಮಾತು. ಇದರ ಮೇಲೆ ಸಂಘದಾಗ ಎರಡು ಪಕ್ಷ ಆಗ್ಯಾವ, ನನಗ ಗೊತ್ತದ. ಹಿರಿಯರು ಹಲಗಿ ಯಾಕ ಕೆಳಗಿಟ್ಟರು? ಊರಾಗ ಹೆಣ ಬಿದ್ರ ಬಾರಿಸು, ಡಂಗುರ ಸಾರು, ಆಮ್ಯಾಲೆ ದೂರ ಕುಂತು ಉಣ್ಣು ಅಂತಿದ್ದರು. ಅದನ್ನ ಒಲ್ಲೆ ಅಂದದ್ದು ಸಣ್ಣ ಧೈರ್ಯ ಅಲ್ಲ; ಅದಕ್ಕ ಕಾಳು-ಕಡಿ ನಿಂತಾವ, ಕೂಲಿ ನಿಂತದ. ಅವರ ಮುಂದ ನಿಂತು "ಹಲಗಿ ನಮ್ಮ ಕಲೆ" ಅಂತ ಹುಡುಗರು ಸುಮ್ಮನ ಅಂದ್ರ ಅವರಿಗೆ ನೋವಾಗ್ತದ. ಆದರ ಹುಡುಗರ ಮಾತಿನಾಗೂ ಸತ್ಯ ಅದ. ಕರಿಯರು ತಮ್ಮ ಸಂಕಟದ ಹಾಡನ್ನ ಬಿಡಲಿಲ್ಲ, ಮಾಲಕನ ಹೊಲ ಬಿಟ್ಟರು. ನನ್ನ ತೀರ್ಮಾನ ಇಷ್ಟು: ಕರೆದವರ ಮನಿ ಮುಂದ, ಪದ್ಧತಿ ಅಂತ, ಒಂದು ಪೆಟ್ಟೂ ಬಾರಿಸಬ್ಯಾಡ್ರಿ. ಏಪ್ರಿಲ್ 14ಕ್ಕ, ನಮ್ಮ ಮೆರವಣಿಗೆಗೆ, ನಮ್ಮ ಖುಷಿಗೆ ಬಾರಿಸ್ರಿ. ಹುಡುಗಿಯರೂ ಬಾರಿಸಲಿ. ಡಿಜೆಗೆ ಕೊಡೋ ಸುಪಾರಿಯಾಗ ಎಷ್ಟು ಹಲಗಿ, ಎಷ್ಟು ಢೋಲಕಿ ಬರ್ತಾವ ಅಂತ ಖಜಾಂಚಿ ಲೆಕ್ಕ ಹಾಕಲಿ.

ಇನ್ನೊಂದು ಕೆಲಸ ಅದ. ಈ ಓಣಿಯಾಗ ಮೂರು ನಾಲ್ಕು ಮಂದಿ ಹಿರಿಯರಿಗೆ ಇಡೀ ರಾತ್ರಿ ಹಾಡೋವಷ್ಟು ಪದ ಬರ್ತಾವ, ಅರ್ಧ ಮರಾಠಿ, ಅರ್ಧ ಕನ್ನಡ. ಕುಟ್ಟೋ ಬೀಸೋ ಪದದಾಗ ಬಾಬಾಸಾಹೇಬರನ್ನ ಸೇರಿಸಿ ಹಾಡಿದ ಅವ್ವಂದಿರೂ ಅದಾರ. ವಾರಕ್ಕ ಒಂದು ಸಂಜೆ ಅವರ ಕಟ್ಟಿಗೆ ಹೋಗ್ರಿ. ಮೊಬೈಲಿನಾಗ ಹಿಡೀರಿ, ವಹಿಯಾಗ ಬರೀರಿ. ಮೊದಲ ಸಾಲಿನಾಗ ಹಾಡಿದಾಕಿ ಹೆಸರು, ಅವರು ಯಾರಿಂದ ಕಲಿತರು, ಯಾವ ಊರು, ಅಷ್ಟು ಬರೆದು ಆಮ್ಯಾಲೆ ಪದ ಬರೀರಿ. ಕನ್ನಡದಾಗ ಹೊಸ ಪದ ಕಟ್ಟೋರು ಕಡೀ ನುಡಿಯಾಗ ತಮ್ಮ ಹೆಸರು ಇಡ್ರಿ, ನಾಚಬ್ಯಾಡ್ರಿ.

ನಾ ಬಾಳ ಹೊತ್ತು ಮಾತಾಡಿದೆ. ಹಿಂದ ಹುಡುಗರು ಬೆಂಕಿ ಹಚ್ಚಿ ಹಲಗಿ ಕಾಸಾಕ ಹತ್ಯಾರ, ವಾಸನಿ ಬರಾಕತ್ತದ. ಮುಂದಿನ ಸಾಲಿನಾಗ ಕುಂತ ದೊಡ್ಡವ್ವ ಎರಡು ಪದ ಹಾಡ್ತೀನಿ ಅಂದಾಳ. ಮೈಕ್ ಆಕಿ ಕಡೆ ಕೊಡ್ರಿ. ಜೈ ಭೀಮ.