ಮಲ್ಪೆಯ ಬಲೆ ಮತ್ತು ಪಾಲಿನ ಪ್ರಶ್ನೆ

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಉಡುಪಿಯ ಪಡುವಣಕ್ಕೆ, ಉದ್ಯಾವರ ಹೊಳೆ ಕಡಲು ಸೇರುವಲ್ಲಿ ಮಲ್ಪೆ ಇದೆ. ಗೋಪೀಚಂದನದ ಗಡ್ಡೆಯೊಳಗೆ ಮಧ್ವಾಚಾರ್ಯರಿಗೆ ಕೃಷ್ಣನ ವಿಗ್ರಹ ದೊರೆತದ್ದು ಈ ತೀರದಲ್ಲೇ ಎಂದು ಐತಿಹ್ಯ. ಬಿದನೂರಿನ ಬಸಪ್ಪನಾಯಕ ಎದುರಿನ ನಡುಗಡ್ಡೆಯಲ್ಲಿ ಕೋಟೆ ಕಟ್ಟಿಸಿದ. ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದರು. ಇದೆಲ್ಲ ಪುಸ್ತಕದಲ್ಲಿ ಸಿಕ್ಕುತ್ತದೆ. ನಾನು ಹೇಳಬಂದದ್ದು ಬಲೆಯ ಕಥೆ. ಮಾಸ್ತರಿಕೆ ಮಾಡಿದವನಾದ್ದರಿಂದ ಬಲ್ಲೆ, ಪಾಠದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಹಿಂದೆ ಇಲ್ಲಿ ರಂಪಣಿ ಬಲೆ ಇತ್ತು. ಬಂಗುಡೆ, ಬೂತಾಯಿಗಳ ಹಿಂಡು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರಾಕಾರವಾಗಿ ಸುತ್ತುಹಾಕುವರು. ಆಮೇಲೆ ಎರಡು ತುದಿಗಳನ್ನೂ ಮರಳಿನ ಮೇಲೆ ನಿಂತು ಎಳೆಯಬೇಕು. ಹತ್ತು ಜನರಿಂದ ಆಗುವ ಕೆಲಸವಲ್ಲ. ಐವತ್ತು, ಎಂಬತ್ತು ಮಂದಿ ಬೇಕು. ಬಲೆಯಾದರೂ ಒಬ್ಬ ಧಣಿಯದಲ್ಲ. ಮನೆಮನೆಯಿಂದ ತಂದ ತುಂಡುಗಳನ್ನು ಕೂಡಿಸಿ ಕಟ್ಟಿದ್ದು. ಮೀನು ಬಿದ್ದರೆ ಪಾಲು, ಬೀಳದಿದ್ದರೆ ಎಲ್ಲರಿಗೂ ಉಪವಾಸ. ಅದು ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಎಳೆದವನೇ ಬಲೆಯ ಒಡೆಯನೂ ಆಗಿದ್ದ.

1950ರ ದಶಕದ ಕೊನೆಗೆ ಯಂತ್ರದ ದೋಣಿ ಬಂತು, ನೈಲಾನ್ ಬಂತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂತು. ಚೀಲದ ಬಾಯಿ ಬಿಗಿದಂತೆ ಬಲೆಯ ತಳವನ್ನು ಹಗ್ಗದಿಂದ ಬಿಗಿದು ಹಿಂಡನ್ನೇ ಎತ್ತುವ ಸಾಧನ ಅದು. ಹಿಂಡು ದಡ ಸೇರುವ ಮೊದಲೇ ಕಡಲಲ್ಲಿ ಮುಗಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಮಗ್ಗ ಬಿಟ್ಟು ಗಿರಣಿಗೆ ಬಂದವರ ಮಕ್ಕಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಂಪಣಿಯವರೇ ಕೆಲವರು ಕೂಡಿ, ಸಾಲ ತೆಗೆದು ಬೋಟು ಕೊಂಡದ್ದೂ ಉಂಟು. ಸಾಲ ಹುಟ್ಟದವರು ಆ ಬೋಟಿನ ಮೇಲೆ ಕಲಾಸಿಗಳಾದರು. 1986ರಲ್ಲಿ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯಾಯಿತು. ಅಷ್ಟರಲ್ಲಿ ಮರಳು ಬರಿದಾಗಿತ್ತು.

ಇಂದು ಮಲ್ಪೆಯ ದಕ್ಕೆಯಲ್ಲಿ ಸಾವಿರಕ್ಕೆ ಮಿಕ್ಕಿ ಬೋಟುಗಳಿವೆ. ಮನೆಯ ಪಾಲಿನ ಮೀನನ್ನು ಬುಟ್ಟಿಯಲ್ಲಿಟ್ಟು ಊರೂರಿಗೆ ಒಯ್ಯುತ್ತಿದ್ದ ಹೆಂಗಸು ಈಗ ಏಲಮಿನಲ್ಲಿ ಲಾರಿ ವ್ಯಾಪಾರಿಯ ಎದುರು ಕೂಗಬೇಕು. ಸಗಟಿನವನ ಎದುರು ನಿಂತ ಸಣ್ಣ ಅಂಗಡಿಯವರಿಗೆ ಆಕೆಯ ಪಾಡು ತಿಳಿದೀತು. ಎಳೆಯ ಮೀನು, ಕಸರು ಮೀನು ಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಜೂನ್, ಜುಲೈ 61 ದಿನ ಯಂತ್ರದ ಬೋಟುಗಳಿಗೆ ನಿಷೇಧ. ಆಗ ಕಲಾಸಿಗೆ ಬತ್ತೆಯೂ ಇಲ್ಲ, ಪಾಲೂ ಇಲ್ಲ.

2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಡನೆ ಇಲ್ಲಿಂದ ಹೊರಟಿತು, ಮರಳಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ಹೆದ್ದಾರಿಗೆ ಬಂದರು. ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಕರಾವಳಿಯಾಚೆ ಅದರ ಅವಶೇಷ ಕಂಡರು.

ನಮ್ಮ ಬೇಡಿಕೆ ದೊಡ್ಡದೇನಲ್ಲ: ಕಲಾಸಿಗೆ ಹಿಡಿದ ಮೀನಿನ ಲೆಕ್ಕ ತೋರಿಸಬೇಕು, ನಿಷೇಧದ ದಿನಗಳಿಗೆ ಅನ್ನದ ದಾರಿ ಬೇಕು, ಬುಟ್ಟಿಯವಳಿಗೆ ಏಲಮಿನಲ್ಲಿ ಮೊದಲ ಸರದಿ ಬೇಕು. ಇದಕ್ಕೆ ನಿಮ್ಮ ಸಂಘಗಳ ಠರಾವು ಕೇಳಲೆಂದೇ ನಾನು ಬಂದದ್ದು.